ಮೊಳಕ್ಕೊಂದು ಗೆರೆ

"ಗೆರೆ ಸೊಟ್ಟ ಆದ್ರೆ ಸೊಂಟ ಮುರೀತೀನಿ ಕಣ್ಲಾ ಬೋಳಿಮಗ್ನೆ! ಗಂಡಸ್ರ ಪಕ್ಕ ಮಲಿಕ್ಕಳಾಕೆ ಬತ್ತದೆ, ಗೆರೆ ಎಳಿಯಾಕ್ ಬರಾಕಿಲ್ವಾ?"

ಜೈಲರ್ ಬೂಟುಗಾಲಲ್ಲಿ ಬಣ್ಣದ ಡಬ್ಬ ಒದ್ದ. ಪೃಥ್ವಿರಾಜ್ ಅದನ್ನು ಎಳೆದುಕೊಂಡು ಮತ್ತೆ ಮಂಡಿಯೂರಿದ. ಹಳ್ಳಿಮೈಸೂರಿನ ಕಡೆ ಮನೆಗಳಿಗೆ ಸುಣ್ಣಬಣ್ಣ ಬಳಿದು ಬದುಕುತ್ತಿದ್ದವನು, ಯಾರದೋ ತೋಟದ ಪಂಪು ಕದ್ದನೆಂಬ ಕೇಸಿನಲ್ಲಿ ಒಳಗೆ ಬಂದಿದ್ದ. ಜಾಮೀನು ಸಿಕ್ಕಿ ಎಷ್ಟೋ ಕಾಲವಾಗಿತ್ತು. ಆದರೆ ಹೊಲಗೇರಿಯ ಹುಡುಗನಿಗಾಗಿ ಪಹಣಿ ಹಿಡಿದು ಶ್ಯೂರಿಟಿ ನಿಲ್ಲಲು ಕೋರ್ಟಿಗೆ ಬರುವ ಭೂಮಿಯೊಡೆಯ ಯಾರಿದ್ದಾನೆ?

ಬ್ಯಾರಕ್ಕಿನಲ್ಲಿ ಇರಬೇಕಾದವರಿಗಿಂತ ಎರಡು ಪಟ್ಟು ಜನ. ಒಬ್ಬ ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಬದಲಿಸಬೇಕು. ಅಂಥಲ್ಲಿ ಅರಕಲಗೂಡು ಕಡೆಯ ಗೌಡರ ಹುಡುಗ ಕಾಂತರಾಜು ಚಳಿಗೆ ನಡುಗುತ್ತಿದ್ದ ಇವನಿಗೆ ಜರುಗಿ ಜಾಗ ಕೊಟ್ಟಿದ್ದ. ಚಳಿಗಾಲ ಮುಗಿದರೂ ಇವನು ಹೋಗಲಿಲ್ಲ, ಅವನೂ ಹೋಗು ಅನ್ನಲಿಲ್ಲ. ಮೊನ್ನೆ ವಾರ್ಡರ್ ಕಂಬಳಿ ಕಿತ್ತು ಇಬ್ಬರನ್ನೂ ಎಲ್ಲರ ಮುಂದೆ ನಿಲ್ಲಿಸಿದ. ಕಾಂತರಾಜುವಿನ ಅಣ್ಣ ದೊಡ್ಡ ಜಮೀನುದಾರ, ಅವನಿಂದ ಒಂದು ಫೋನು ಬಂತು. ಕಾಂತರಾಜುವಿಗೆ ಕಾಯಿಲೆಯೆಂದು ಆಸ್ಪತ್ರೆ ಕೋಣೆಯ ಮಂಚ ಸಿಕ್ಕಿತು. ಪೃಥ್ವಿರಾಜ್‌ಗೆ ಸಿಕ್ಕಿದ್ದು ಲಾಠಿ, ಕಕ್ಕಸಿನ ಬಾಗಿಲಲ್ಲಿ ಜಾಗ, ಜೊತೆಗೆ ಈ ಕೆಲಸ. ನೆಲದ ಮೇಲೆ ಮೊಳಕ್ಕೊಂದು ಹಳದಿ ಗೆರೆ, ಯಾರೂ ಅದನ್ನು ದಾಟಿ ಮಲಗುವಂತಿಲ್ಲ. ಸರ್ಕಾರದ ತಲೆ ಓಡಿದರೆ ಹೀಗೆಯೇ.

"ಈಗ ಹೆಲ್ತ್‌ನೋರು ಬತ್ತಾರೆ. ಬಾಯ್ ಬುಟ್ಟೋ, ಸೋಮವಾರ ನಿಮ್ಮವ್ವನ ಮುಂದೆ ನಿನ್ ಕತೆ ಎಲ್ಲಾನೂ ಬಿಚ್ತೀನಿ," ಅಂದ ಜೈಲರ್.

ಲಾಠಿಗೆ ಹೆದರದವನು ಈ ಮಾತಿಗೆ ಬೆವೆತುಹೋದ. ಅವ್ವ ಮಲ್ಲಿಗಮ್ಮನಿಗೆ ಇವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಆರೋಗ್ಯ ಇಲಾಖೆಯ ಶೋಭಿತಾ ಕಾಂಡೋಮಿನ ಪೆಟ್ಟಿಗೆ ಹಿಡಿದು ಬಂದಳು. ಜೈಲರ್ ಅದನ್ನು ಮುಟ್ಟಲೂ ಇಲ್ಲ.

"ನಮ್ಮಲ್ಲಿ ಅಂಥದ್ದೇನೂ ನಡೆಯಲ್ಲ ಮೇಡಂ. ಇದನ್ನ ಇಟ್ಕೊಂಡ್ರೆ ನಡೆಯುತ್ತೆ ಅಂತ ನಾವೇ ಒಪ್ಕೊಂಡ ಹಾಗೆ."

"ಒಳಗೆ ಇಬ್ಬರಿಗೆ ಎಚ್‌ಐವಿ ಬಂದಿದೆಯಲ್ಲ ಸರ್?"

"ಹೊರಗಿಂದ ತಂದಿರ್ತಾರೆ."

"ಮತ್ತೆ ಈ ಗೆರೆ?"

"ಶಿಸ್ತು."

ಪೃಥ್ವಿರಾಜ್‌ನ ಕುಂಚ ನಿಂತಿತು. ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಆದರೆ ಮೈಯಲ್ಲಿ ಬಾಸುಂಡೆ ಇನ್ನೂ ಉರಿಯುತ್ತಿತ್ತು.

"ಸುಳ್ಳು ಮೇಡಂ. ಇಬ್ರು ಒಂದೇ ಕಂಬಳೀಲಿ ಸಿಕ್ಕಾಕಂಡ್ರು, ಅದ್ಕೆ ಈ ಗೆರೆ. ಅದ್ರಲ್ಲಿ ಒಬ್ಬ ನಾನೇಯ. ಆ ಪೆಟ್ಗೆ ಬುಟ್ಟೋಗಿ, ಸಾಯೋರು ನಾವು."

ಶೋಭಿತಾ ಜೈಲರ್ ಮುಖ ನೋಡಿದಳು. ಅವನು ಬಾಗಿಲು ತೋರಿಸಿದ. ಅವಳು ತಂದಿದ್ದ ಪೆಟ್ಟಿಗೆಯನ್ನು ಹಾಗೆಯೇ ಹೊತ್ತುಕೊಂಡು ಹೊರಟಳು.

ಸೋಮವಾರ ಮಲ್ಲಿಗಮ್ಮ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಬಂದು ಜಾಲರಿಯಾಚೆ ನಿಂತಳು. ಜೈಲರ್ ತಾನಾಗಿ ಎದ್ದು ಬಂದ.

"ಏನಮ್ಮ, ನಿನ್ ಮಗ ಒಳಗೆ ಏನ್ ಸಂಸಾರ ಮಾಡವ್ನೆ ಗೊತ್ತಾ?"

"ತಡೀರಿ ಸಾ, ನಾನೇ ಏಳ್ತೀನಿ," ಅಂದ ಪೃಥ್ವಿರಾಜ್.

ಹೇಳಿದ. ಕಂಬಳಿ, ಕಾಂತರಾಜು, ಮಂಚ, ಕಕ್ಕಸಿನ ಬಾಗಿಲು, ಲಾಠಿ, ಒಂದನ್ನೂ ಬಿಡಲಿಲ್ಲ. ತಲೆ ತಗ್ಗಲಿಲ್ಲ. ಭೇಟಿಯ ಸಾಲಿನಲ್ಲಿದ್ದವರೆಲ್ಲ ಕಿವಿಯಾಗಿದ್ದರು.

ಮಲ್ಲಿಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಥೂ ಆಳಾದೋನೆ! ಇದ್ನ ಕೇಳಾಕಾ ನಾನು ಬಸ್ಸತ್ಕಂಡ್ ಬಂದಿದ್ದು?"

ಜೈಲರ್ ನಕ್ಕ. ಪೃಥ್ವಿರಾಜ್ ಜಾಲರಿ ಹಿಡಿದುಕೊಂಡ. ಅವ್ವ ಕಣ್ಣೊರೆಸಿಕೊಂಡು ಜೈಲರ್ ಕಡೆ ತಿರುಗಿದಳು.

"ಮಲ್ಗಿದ್ದು ಇಬ್ರೂವೆ ತಾನೆ ಸಾ?"

"ಹೂಂ, ಇಬ್ರೂವೆ."

"ಅಂಗಾರೆ ಗೌಡ್ರುಡ್ಗುಂಗೆ ಮಂಚ, ನನ್ ಮಗುಂಗೆ ಕಕ್ಕಸ್ ಬಾಗ್ಲು ಯಾಕೆ?"

ಜೈಲರ್‌ನ ನಗು ನಿಂತಿತು. "ಟೈಮಾಯ್ತು, ನಡಿಯಮ್ಮೋ! ಮುಂದಿನವ್ರು ಬರ್ರೀ!"

ಮಲ್ಲಿಗಮ್ಮ ಜಾಲರಿಯ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಜವಾಬು ಏಳಿ. ಆಮ್ಯಾಕೆ ಓಯ್ತೀನಿ."

ಜೈಲರ್ ಇನ್ನೊಮ್ಮೆ ಕೂಗಿದ. ಸಾಲಿನಿಂದ ಒಬ್ಬರೂ ಮುಂದೆ ಬರಲಿಲ್ಲ. ಅವ್ವ ಮಗನ ಮುಖ ನೋಡಲಿಲ್ಲ, ಎದ್ದೂ ಹೋಗಲಿಲ್ಲ.