ಭಾವನ ದುಬಾರಿ ರೀಲು

ಆ ಬೀದಿಯಲ್ಲಿ ದರ್ಜಿಯನ್ನು ಎಲ್ಲರೂ ಎಣ್ಣೆ ಮಾಸ್ಟರ್ ಅಂತಲೇ ಕರೆಯೋದು. ತಪ್ಪು ತಿಳಿಯಬೇಡಿ, ಕುಡಿಯುವ ಎಣ್ಣೆಯ ವಿಚಾರ ಅಲ್ಲ. ಆ ಮನುಷ್ಯ ಚಹಾ ಬಿಟ್ಟರೆ ಬೇರೇನೂ ಮುಟ್ಟಿದವನಲ್ಲ. ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ಮಾತ್ರ ಸದಾ ಅವನ ಕೈಗೆಟುಕುವ ಜಾಗದಲ್ಲಿರಬೇಕು. ಶನಿವಾರ ಸಂಜೆ ಅಂಗಡಿ ಮುಚ್ಚುವ ಮುಂಚೆ ಮಿಷನ್ನಿಗೆ ಎಣ್ಣೆ, ಕತ್ತರಿಗೆ ಎಣ್ಣೆ, ಬಾಗಿಲಿಗೆ ಎಣ್ಣೆ, ಅಷ್ಟಕ್ಕೂ ಸಮಾಧಾನವಾಗದಿದ್ದರೆ ಪಕ್ಕದಂಗಡಿಯವನ ಸೈಕಲ್ಲಿಗೂ ನಾಲ್ಕು ತೊಟ್ಟು. ಕಿರ್ ಅನ್ನುವ ಸದ್ದು ಕೇಳಿದರೆ ಅವನಿಗೆ ಮೈಯೆಲ್ಲ ಉರಿ.

ಅವನ ಅಕ್ಕನ ಗಂಡ ಲಿಫ್ಟ್ ರಿಪೇರಿಯವನು. ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ ಮೋಟಾರು ಕೋಣೆಯಲ್ಲಿ ಕೂತು ಕೆಲಸ ಮಾಡುವವನು. ಮಾತು ಕಮ್ಮಿ, ಕೋಪ ಬಂದರೆ ಅದೂ ಇಲ್ಲ. ಈ ಭಾವ ಮತ್ತು ಬಾಮೈದ ಇಬ್ಬರಿಗೂ ಗಾಳದ ಹುಚ್ಚು. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ದೋಣಿ ನಿಲ್ಲುವ ಹಳೆ ಧಕ್ಕೆಯ ತುದಿಯಲ್ಲಿ ಅಕ್ಕಪಕ್ಕ ಕೂತು ಗಾಳ ಹಾಕೋದು, ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಮೀನು ಸಿಕ್ಕರೆ ಮೀನು, ಸಿಗದಿದ್ದರೆ ಬರೀ ಬಡಾಯಿ. ಎಷ್ಟೋ ವರ್ಷ ಹಾಗೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಅದನ್ನು ಕೆಡಿಸಿದ್ದು ಒಂದು ರೀಲು. ಅದೇ, ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ಚಕ್ರ. ಭಾವ ದೊಡ್ಡ ಕಂಪನಿಯದ್ದೊಂದು ಹೊಸ ರೀಲು ತಂದ. ಅದರ ಬೆಲೆ ಕೇಳಿ ಧಕ್ಕೆಯ ಮೇಲಿದ್ದವರೆಲ್ಲ ಹಾ ಅಂತ ಬಾಯಿ ತೆರೆದರು. ನಮ್ಮ ದರ್ಜಿ ಸುಮ್ಮನಿರಬಾರದಿತ್ತೆ? ನಾಲಿಗೆ ತುರಿಸಿತು ನೋಡಿ.

"ಚೆನ್ನಾಗಿ ಟೋಪಿ ಹಾಕಿದ್ದಾರೆ ಭಾವ ನಿಮಗೆ! ಅರ್ಧ ದುಡ್ಡು ಹೆಸರಿಗೆ, ಇನ್ನರ್ಧ ಡಬ್ಬಕ್ಕೆ. ಮೀನಿಗೇನು ಕಂಪನಿ ಓದೋಕೆ ಬರುತ್ತಾ?"

ಎಲ್ಲರೂ ಹೋ ಅಂತ ನಕ್ಕರು. ಭಾವ ನಗಲಿಲ್ಲ. ರೀಲನ್ನು ಡಬ್ಬದೊಳಗಿಟ್ಟು, ಕೋಲು ಮಡಚಿ, ಎದ್ದು ಹೋದ. ಅಲ್ಲಿಂದ ಮಾತಿಗೆ ಬೀಗ. ಧಕ್ಕೆಯ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವನು. ಭಾನುವಾರದ ಊಟ ನಿಂತಿತು. ಯೂನಿಫಾರ್ಮಿನ ಜೇಬು ಹರಿದು ಸ್ಕ್ರೂಡ್ರೈವರ್ ಇಣುಕುತ್ತಿದ್ದರೂ ಭಾವ ಹಾಗೇ ಓಡಾಡಿದನೇ ಹೊರತು ಬಾಮೈದನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ದರ್ಜಿಗೂ ಹಟ. ಹಗಲೆಲ್ಲ ಮಿಷನ್ ತುಳಿಯುತ್ತಾ "ನಾನೇನು ಸುಳ್ಳು ಹೇಳಿದ್ನಾ?" ಅಂತ ತನಗೆ ತಾನೇ ಗೊಣಗೋದು. ಒಳಗೊಳಗೆ ಮಾತ್ರ ಲೆಕ್ಕ ಬೇರೆ. ಅಪ್ಪ ತೀರಿಕೊಂಡ ಮೇಲೆ ಅವನಿಗೆ ಹಿರಿಯ ಅಂತ ಇದ್ದದ್ದು ಆ ಭಾವ ಒಬ್ಬನೇ. ಮೊದಲ ಮಿಷನ್ ಕೊಳ್ಳುವಾಗ ಅಂಗಡಿ ಅಂಗಡಿ ಜೊತೆಗೆ ಸುತ್ತಿದ್ದೂ ಅವನೇ. ಇಂಥವನನ್ನು ಒಂದು ಚಕ್ರದ ಸಲುವಾಗಿ ಕಳೆದುಕೊಳ್ಳೋದಾ? ಆದರೆ ಮೊದಲು ಮಾತಾಡುವವರು ಯಾರು, ಅದಲ್ಲವೇ ಪ್ರಶ್ನೆ!

ಹೀಗಿರುವಾಗ ಒಂದು ಶುಕ್ರವಾರ ಅಕ್ಕ ಅಂಗಡಿಗೆ ಬಂದಳು. ಬಟ್ಟೆ ಚೀಲದಿಂದ ಒಂದು ಡಬ್ಬ ತೆಗೆದು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ಅದೇ ಡಬ್ಬ, ಅದೇ ರೀಲು.

"ನಿಮ್ಮ ಭಾವ ಕಳಿಸಿದ್ದಾರೆ. ಈ ಭಾನುವಾರ ನೀನೇ ಕಟ್ಟಿ ನೋಡಬೇಕಂತೆ. ಬೆಲೆಗೆ ತಕ್ಕದ್ದೋ ಅಲ್ಲವೋ, ಬಳಸಿ ಹೇಳು ಅಂದ್ರು."

ದರ್ಜಿಯ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. "ಭಾವನೇ ಅಂದ್ರಾ? ಬಾಯಿ ಬಿಟ್ಟು ಅಂದ್ರಾ?"

"ಮತ್ತಿನ್ಯಾರು ಅಂತಾರೆ? ಭಾನುವಾರ ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ, ಹುಷಾರು," ಅಂದವಳೇ ಅಕ್ಕ ಅಲ್ಲಿ ನಿಲ್ಲಲಿಲ್ಲ.

ಅವಳು ಹೋದ ಮೇಲೆ ದರ್ಜಿ ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ರೀಲನ್ನು ಕೈಗೆತ್ತಿಕೊಂಡ. ಹಿಡಿ ತಿರುಗಿಸಿದ. ಸದ್ದೇ ಇಲ್ಲ! ಇನ್ನೊಮ್ಮೆ ತಿರುಗಿಸಿದ. ಅವನ ಹಳೆ ರೀಲು ತಿರುಗಿಸಿದರೆ ಪಕ್ಕದ ಮನೆಯಲ್ಲಿ ಯಾರೋ ಕಾಫಿ ಬೀಜ ಪುಡಿ ಮಾಡುತ್ತಿದ್ದಾರೆ ಅನ್ನಬೇಕು. ಇದು ಹಾಗಲ್ಲ, ತಿರುಗುತ್ತಿದೆ ಅಂತ ಬೆರಳಿಗೆ ಗೊತ್ತು, ಕಿವಿಗೆ ಗೊತ್ತಿಲ್ಲ. ಅದನ್ನು ಎದೆಗೆ ಒತ್ತಿಕೊಂಡ. ರೀಲು ಕಂಡು ಅಲ್ಲ, ಭಾವ ತಾನಾಗಿ ಕಳಿಸಿದನಲ್ಲ, ಅದಕ್ಕೆ.

ಹೀಗೆ ಮನಸ್ಸು ತುಂಬಿ ಬಂದಾಗಲೇ ಮನುಷ್ಯ ಎಡವಟ್ಟು ಮಾಡೋದು. ತಗೊಂಡಿದ್ದಕ್ಕಿಂತ ಚೆನ್ನಾಗಿ ಮಾಡಿ ವಾಪಸ್ ಕೊಡಬೇಕು ಅಂತ ದರ್ಜಿಗೆ ಅನ್ನಿಸಿತು. ಶನಿವಾರ ಸಂಜೆ ಮಿಷನ್ನಿಗೆ ಎಣ್ಣೆ ಬಿಟ್ಟಾಯಿತು, ಕತ್ತರಿಗೂ ಆಯಿತು. ಆಮೇಲೆ ರೀಲಿನ ಮೇಲಿನ ತಿರುಪು ಬಿಚ್ಚಿ, ದಾರದ ಉರುಳೆ ತೆಗೆದು, ನಡುವಿನ ಕಂಬಿಯ ಬುಡಕ್ಕೆ ಡಬ್ಬಿಯ ಮೂತಿ ಇಟ್ಟು, ಪ್ರೀತಿಯಿಂದ, ಧಾರಾಳವಾಗಿ ಎಣ್ಣೆ ಬಿಟ್ಟ. ಸಾಲದು ಅನ್ನಿಸಿ ಇನ್ನಷ್ಟು ಬಿಟ್ಟ. ಕುಡಿಯಲಿ ಪಾಪ ಅಂದುಕೊಂಡ.

ಭಾನುವಾರ ಬೆಳಿಗ್ಗೆ ಧಕ್ಕೆಯ ಮೇಲೆ ಅವನ ಗತ್ತೇ ಬೇರೆ. ಭಾವ ಬಂದಿರಲಿಲ್ಲ. ಉಳಿದವರೆಲ್ಲ ರೀಲು ನೋಡಿ ಹುಬ್ಬು ಹಾರಿಸಿದರು. ದರ್ಜಿ ಗಾಳ ಬೀಸಿದ. ಅಬ್ಬಾ, ದಾರ ಹೋದದ್ದು ಹೋದದ್ದೇ, ತನ್ನ ರೀಲಿನಲ್ಲಿ ಯಾವತ್ತೂ ಮುಟ್ಟದ ನೀರನ್ನು ಮುಟ್ಟಿತು. ಸ್ವಲ್ಪ ಹೊತ್ತಿಗೆ ಕೋಲು ಬಾಗಿತು. ಒಳ್ಳೆ ಮೀನು! ಹಿಡಿ ಹಿಡಿದು ಸುತ್ತತೊಡಗಿದ. ಮೀನು ಒಮ್ಮೆ ಜೋರಾಗಿ ಎಳೆದದ್ದೇ ತಡ, ಹಿಡಿ ಕೈತಪ್ಪಿ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳ ಗಂಟಿಗೆ ರಪರಪ ಬಡಿಯಿತು. ಹಿಂದಕ್ಕೆ ತಿರುಗಲೇಬಾರದ ಹಿಡಿ ಅದು. ದಾರ ಗೋಜಲಾಯಿತು, ಮೀನು ತನ್ನ ಪಾಡಿಗೆ ತಾನು ಹೋಯಿತು.

ಅವನು ಹಿಡಿಯನ್ನು ಮುಂದಕ್ಕೆ ತಿರುಗಿಸಿದ, ತಿರುಗಿತು. ಹಿಂದಕ್ಕೆ ತಿರುಗಿಸಿದ, ಅಯ್ಯೋ ದೇವರೇ, ಹಾಗೂ ತಿರುಗಿತು. ಯಾರಿಗೂ ಒಂದು ಮಾತು ಹೇಳದೆ ಸಾಮಾನು ಕಟ್ಟಿಕೊಂಡು ಅಂಗಡಿಗೆ ಬಂದ. ಅರ್ಧ ಬಾಗಿಲು ತೆರೆದು ಒಳಗೆ ಕೂತು, ರೀಲನ್ನು ಒರೆಸಿದ, ಊದಿದ, ಬೇಡಿಕೊಂಡ. ಊಹೂಂ.

ಈಗ ಏನು ಹೇಳೋದು? ಹಾಳು ಮಾಡಿದೆ ಅಂದರೆ, ಬೇಕಂತಲೇ ಮಾಡಿದ, ಹೊಟ್ಟೆಕಿಚ್ಚಿಗೆ ಮಾಡಿದ ಅಂತ ಭಾವ ತಿಳಿಯದೆ ಇರುತ್ತಾನಾ? ಮೊದಲ ಸಲ ಮಾತು ನಿಂತಿತ್ತು, ಈ ಸಲ ಸಂಬಂಧವೇ ನಿಲ್ಲುತ್ತೆ. ಅಕ್ಕ ಯಾವ ಮುಖ ಹೊತ್ತು ತಮ್ಮನ ಮನೆಗೆ ಬರಬೇಕು? ಸುಮ್ಮನೆ ಒರೆಸಿ ಡಬ್ಬದಲ್ಲಿಟ್ಟು 'ಬಳಸೋಕೆ ಪುರುಸೊತ್ತಾಗಲಿಲ್ಲ' ಅಂದುಬಿಟ್ಟರೆ? ಅದು ಬಹಳ ಸಲೀಸು. ಡಬ್ಬದಲ್ಲಿ ಇಟ್ಟೂ ಬಿಟ್ಟ. ಮುಚ್ಚಳ ಹಾಕುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು.

ಅಕ್ಕ ಬಂದಿದ್ದಳು. ಅವಳ ಮುಂದೆ ಭಾವ.

"ಏನೋ ಮಾಸ್ಟರ್," ಅಂದ ಭಾವ. ಎಷ್ಟೋ ತಿಂಗಳ ಮೇಲೆ ಮೊದಲ ಮಾತು. "ಹೇಗಿದೆ?"

ಸೂಪರ್ ಅಂತ ನಾಲಿಗೆ ತುದಿಗೆ ಬಂದಿತ್ತು. ಭಾವನ ಮುಖ ನೋಡಿದ. ಆ ಮುಖದಲ್ಲಿ ಒಂದು ಆಸೆ ಇತ್ತು, ಪರೀಕ್ಷೆ ಬರೆದು ಬಂದ ಮಗುವಿನ ಥರ. ಅದರ ಮುಂದೆ ಸುಳ್ಳು ಹೇಳಲು ದರ್ಜಿಗೆ ಆಗಲಿಲ್ಲ.

"ಭಾವ, ಹಾಳು ಮಾಡ್ಬಿಟ್ಟೆ. ನಿಮ್ಮಾಣೆ ಬೇಕಂತ ಮಾಡಿದ್ದಲ್ಲ. ಹಿಡಿ ಹಿಂದಕ್ಕೂ ತಿರುಗ್ತಿದೆ."

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಭಾವ ಡಬ್ಬದಿಂದ ರೀಲು ಎತ್ತಿಕೊಂಡು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ತಿರುಗಿಸಿದ. ಮೂಗಿನ ಹತ್ತಿರ ಹಿಡಿದು ಮೂಸಿದ.

"ಎಣ್ಣೆ ಹಾಕಿದ್ಯಾ?"

"ಹೂಂ."

"ಎಲ್ಲಿ?"

"ಎಲ್ಲಾ ಕಡೆ."

ಭಾವನ ಭುಜ ಅಲುಗಾಡತೊಡಗಿತು. ಮೊದಲು ಏನೆಂದು ತಿಳಿಯಲಿಲ್ಲ, ಆಮೇಲೆ ನೋಡಿದರೆ ನಗು! ಮಾತೇ ಆಡದ ಮನುಷ್ಯ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದ.

"ಬ್ರೇಕಿಗೆ ಎಣ್ಣೆ ಹಾಕ್ತಾರೇನೋ ಮಾರಾಯ! ನನ್ನ ಲಿಫ್ಟಿಗೆ ಹೀಗೆ ಮಾಡಿದ್ರೆ ಜನ ಎಲ್ಲ ನೆಲಮಾಳಿಗೆಗೆ ಹೋಗಿ ಕೂತಿರ್ತಿದ್ರು. ಹಾಳೂ ಆಗಿಲ್ಲ, ಗೀಳೂ ಆಗಿಲ್ಲ. ತೊಳೆದ್ರೆ ಸರಿಹೋಗುತ್ತೆ. ಪೆಟ್ರೋಲ್ ಇದೆಯಾ?"

ದರ್ಜಿಗೆ ಹೋದ ಜೀವ ಬಂತು. ಬಟ್ಟೆ ಮೇಲಿನ ಜಿಡ್ಡಿನ ಕಲೆ ತೆಗೆಯೋಕೆ ಇಟ್ಟಿದ್ದ ಪೆಟ್ರೋಲ್ ಸೀಸೆಯನ್ನು ಓಡಿಹೋಗಿ ತಂದ. ಭಾವ ಕತ್ತರಿಸುವ ಮೇಜಿನ ಮೇಲೆ ಹಳೆ ಲೈನಿಂಗ್ ಬಟ್ಟೆ ಹಾಸಿ ರೀಲು ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ವರಸೆಯಲ್ಲೇ ಸಾಲಾಗಿ ಇಟ್ಟ. ಒಳಗಿಂದ ಉಂಗುರದಷ್ಟು ಸಣ್ಣ ಬೇರಿಂಗ್ ಒಂದನ್ನು ತೆಗೆದು ಚಹಾ ಬಸಿಯಲ್ಲಿ ಪೆಟ್ರೋಲ್ ಹಾಕಿ ಅದ್ದಿದ.

"ಹಿಡಿ ಹಿಂದಕ್ಕೆ ಹೋಗದ ಹಾಗೆ ತಡೆಯೋದು ಇದು. ಒಣಗಿದ್ರೇನೇ ಇದಕ್ಕೆ ಹಿಡಿತ, ಜಿಡ್ಡಾದ್ರೆ ಜಾರುತ್ತೆ."

"ನನ್ನ ರೀಲಿಗೆ ವರ್ಷಗಟ್ಟಲೆ ಸುರೀತಿದ್ದೀನಿ, ಅದಕ್ಕೇನೂ ಆಗ್ಲಿಲ್ವಲ್ಲ?"

"ನಿನ್ನದರಲ್ಲಿ ಹಲ್ಲಿನ ಚಕ್ರಕ್ಕೆ ಒಂದು ಕೊಕ್ಕೆ ಸಿಕ್ಕಿಸಿದ್ದಾರೆ ಅಷ್ಟೇ. ಅದಕ್ಕೆ ಗಂಜಿ ಹಾಕಿದ್ರೂ ನಡೆಯುತ್ತೆ."

ಬೇರಿಂಗನ್ನು ಒರೆಸಿ ಕಿಟಕಿಯ ಬಿಸಿಲಿಗಿಟ್ಟರು. ಒಣಗುವ ತನಕ ಮಾಡೋಕೆ ಕೆಲಸವಿಲ್ಲ. ದರ್ಜಿ ನೆಲ ನೋಡುತ್ತಾ ಅಂದ, "ನೀವಾಗಿಯೇ ಕಳಿಸಿದ್ರಲ್ಲ ಭಾವ, ಅಷ್ಟು ದೊಡ್ಡ ಮನಸ್ಸು ಮಾಡಿದ್ರಲ್ಲ. ನನಗೆ ಆ ಬುದ್ಧಿ ಬರಲಿಲ್ಲ ನೋಡಿ."

ಭಾವ ತಲೆ ಎತ್ತಿದ. "ನಾನೆಲ್ಲಿ ಕಳಿಸಿದೆ? ನೀನು ಕೇಳಿದೆಯಂತಲ್ಲ. 'ತಪ್ಪಾಯ್ತು, ಒಂದು ಸಲ ಕೈಯಲ್ಲಿ ಹಿಡಿದು ನೋಡ್ತೀನಿ' ಅಂತ ಅಂಗಲಾಚಿದೆಯಂತೆ."

"ಅಂಗಲಾಚಿದ್ನಾ? ನಾನಾ?"

ಇಬ್ಬರೂ ಒಟ್ಟಿಗೆ ತಿರುಗಿದರು. ಗಿರಾಕಿಗಳ ಬೆಂಚಿನ ಮೇಲೆ ಅಕ್ಕ ನೆಟ್ಟಗೆ ಕೂತಿದ್ದಳು.

"ಹೌದು, ಸುಳ್ಳು ಹೇಳಿದೆ. ಇವನ ಹತ್ರ ಒಂದು, ಅವರ ಹತ್ರ ಒಂದು. ಏನೀಗ? ನೀವಿಬ್ರೂ ಮೂತಿ ತಿರುಗಿಸಿಕೊಂಡು ಕೂತ್ರೆ ನಾನು ಯಾರ ಕಡೆ ನೋಡ್ಲಿ?"

ಹಟ ಇಟ್ಟುಕೊಳ್ಳಬೇಕೆಂದರೆ ಈಗಲೂ ದಾರಿ ಇತ್ತು, ಯಾಕೆಂದರೆ ನಿಜಕ್ಕೂ ಇಬ್ಬರಲ್ಲಿ ಯಾರೂ ಸೋತಿರಲಿಲ್ಲ. ಭಾವ ಬಸಿಯಲ್ಲಿದ್ದ ಪೆಟ್ರೋಲನ್ನೇ ನೋಡುತ್ತಿದ್ದವನು ಮೆಲ್ಲಗೆ ಅಂದ.

"ಟೋಪಿ ಬಿತ್ತು ಅಂದದ್ದಕ್ಕೆ ನನಗೇನೂ ಬೇಜಾರಿಲ್ಲ ಕಣೋ. ಅಂಗಡಿಯಿಂದ ನೇರ ಧಕ್ಕೆಗೆ ತಂದಿದ್ದು ನಿನಗೆ ತೋರಿಸೋಕೆ. ನೀನು ಒಂದು ಸಲ ತಿರುಗಿಸಿ ನೋಡ್ತೀಯ, ಆಹಾ ಅಂತೀಯ ಅಂದ್ಕೊಂಡಿದ್ದೆ. ನೀನು ಮುಟ್ಟಲೂ ಇಲ್ಲ."

ದರ್ಜಿಯ ಎದೆಗೆ ಅದು ಸೂಜಿ ಚುಚ್ಚಿದ ಹಾಗೆ ನಾಟಿತು. ತಾನು ಆಡಿದ ಮಾತನ್ನು ಸಾವಿರ ಸಲ ತಿರುವಿ ಹಾಕಿದ್ದ, ಮಾಡದೆ ಬಿಟ್ಟದ್ದು ಅವನಿಗೆ ಹೊಳೆದೇ ಇರಲಿಲ್ಲ.

"ತಪ್ಪಾಯ್ತು ಭಾವ," ಅಂದ. "ಅಕ್ಕ ಹೇಳಿದ ಸುಳ್ಳನ್ನೇ ಈಗ ನಿಜ ಮಾಡ್ತಿದ್ದೀನಿ. ತಪ್ಪಾಯ್ತು."

"ಹೋಗಲಿ ಬಿಡೋ," ಅಂದ ಭಾವ.

ಬೇರಿಂಗ್ ಒಣಗಿತು. ಭಾವ ಒಂದೊಂದೇ ಎತ್ತಿ ಜೋಡಿಸಿದ, ಕೊನೆಯ ತಿರುಪು ಬಿಗಿದು ರೀಲನ್ನು ಬಾಮೈದನ ಕೈಗೆ ಕೊಟ್ಟ. ದರ್ಜಿ ಮುಂದಕ್ಕೆ ತಿರುಗಿಸಿದ, ಸದ್ದಿಲ್ಲದೆ ತಿರುಗಿತು. ಹಿಂದಕ್ಕೆ ಒತ್ತಿದ, ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಉಸ್ಸಪ್ಪಾ! ಅವನಿಗಾದ ನೆಮ್ಮದಿಗೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟ.

"ಬೆಲೆಗೆ ತಕ್ಕದ್ದು ಭಾವ. ಕಮ್ಮಿಗೇ ಸಿಕ್ಕಿದೆ ಅನ್ನಿ."

"ಎಲ್ಲಿಯ ಕಮ್ಮಿ? ನಿಜ ಹೇಳ್ಲಾ? ಜಾಸ್ತಿ ಕೊಟ್ಟೆ. ನಿನ್ನ ಹಳೇದಕ್ಕೂ ಅದೇ ಮೀನು ಬೀಳುತ್ತೆ. ಇದು ಗೀಚು ಬೀಳುತ್ತೇನೋ ಅಂತ ನಾನು ಬಂಡೆಗಳ ಹತ್ತಿರ ಹೋಗೋದನ್ನೇ ಬಿಟ್ಟಿದ್ದೀನಿ."

"ಸುಮ್ನಿರಿ ಭಾವ! ಎಷ್ಟು ದೂರ ಹೋಯ್ತು ಗೊತ್ತಾ ದಾರ? ನನ್ನದು ಅದರ ಅರ್ಧವೂ ಹೋಗಲ್ಲ."

"ದೂರ ಹೋದ್ರೇನು ಬಂತು? ಮೀನು ಇರೋದು ಹತ್ರದಲ್ಲೇ."

"ನೀವು ಕೊಂಡ ಮಾಲನ್ನ ನೀವೇ ಹೀಗಳೆದ್ರೆ ಹೇಗೆ? ಏನೂ ಗೊತ್ತಾಗಲ್ಲ ನಿಮಗೆ!"

"ನಿನಗೆ ಭಾಳ ಗೊತ್ತು! ಎಣ್ಣೆ ಹಾಕಿದವನು ನೀನಾ ನಾನಾ?"

ದನಿ ಏರಿತು. ಭಾವ ಮೇಜು ಗುದ್ದಿದ, ದರ್ಜಿ ಗಜಕಡ್ಡಿ ಎತ್ತಿ ಲೆಕ್ಕ ವಿವರಿಸತೊಡಗಿದ. ಪಕ್ಕದಂಗಡಿಯವನು ಇಣುಕಿ, ಮತ್ತೆ ಶುರುವಾಯಿತಾ ಅನ್ನುವ ಮುಖ ಮಾಡಿದ. ಆಗ ದರ್ಜಿಯ ಕಣ್ಣು ಅಕ್ಕನ ಮೇಲೆ ಬಿತ್ತು. ಅವಳು ಬೆಂಚಿನ ಮೇಲೆ ಕೂತಲ್ಲೇ ಎರಡೂ ಅಂಗೈಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಒರೆಸಿದಷ್ಟೂ ಕಣ್ಣೀರು ಇಳಿಯುತ್ತಿತ್ತು.

"ಅಯ್ಯೋ ಅಕ್ಕ, ಇದು ಜಗಳ ಅಲ್ಲ ಕಣೇ, ಸುಮ್ನೆ ಮಾತು..."

"ನಿಲ್ಲಿಸಬೇಡಿ," ಅಂದಳು ಅಕ್ಕ. "ಇನ್ನೂ ಜೋರಾಗಿ ಜಗಳ ಆಡಿ."