ನೂರಾ ಎಂಬತ್ತೈದು ಗ್ರಾಂ

ಬಾತುಕೋಳಿಯ ಮರಿ ನೂರಾ ಎಂಬತ್ತೈದು ಗ್ರಾಂ ಮೀರದಿದ್ದರೆ ಕಸ್ಟಮ್ಸ್‌ನವರ ಲೆಕ್ಕದಲ್ಲಿ ಅದಕ್ಕೊಂದು ಸಂಖ್ಯೆ. ಮೀರಿತೋ, ಬೇರೆ ಸಂಖ್ಯೆ. ಜೀವ ಅದೇ, ಕೊಕ್ಕು ಅದೇ. ಈ ಗೆರೆ ಎಳೆದ ಪುಣ್ಯಾತ್ಮ ಯಾವ ತಕ್ಕಡಿ ಹಿಡಿದು ಕೂತಿದ್ದನೋ ಗೊತ್ತಿಲ್ಲ, ಆದರೆ ನನ್ನ ಹೊಟ್ಟೆಪಾಡು ನಡೆಯುವುದು ಇಂಥ ಸಂಖ್ಯೆಗಳ ಮೇಲೆಯೇ. ಅಥಣಿ, ಕಾಗವಾಡ ಕಡೆಯ ಒಣದ್ರಾಕ್ಷಿ ಹೊರದೇಶಕ್ಕೆ ಹೋಗಬೇಕಾದರೆ ಕಾಗದಪತ್ರ ಮಾಡಿಕೊಡುವವಳು ನಾನು, ಶಿರಗುಪ್ಪಿಯ ಪೂನಮ.

ಜೀವ ಇರುವ ಸರಕನ್ನು ನಾನು ಮುಟ್ಟಿದವಳಲ್ಲ. ನಮ್ಮದು ಜೈನರ ಮನೆ. ಆದರೆ ಹಿತ್ತಲ ಬೇಲಿಗೆ ಹತ್ತಿದ ಶೆಡ್ಡಿನ ಮಲಕಾರಿ ಬಂದು ಬೆನ್ನು ಹತ್ತಿದ. ತತ್ತಿಯಿಂದ ಮರಿ ಮಾಡಿಸಿ ಮಾರುವುದು ಅವನ ಕಸುಬು. ಕೊಲ್ಲಿ ದೇಶದವರೊಬ್ಬರು ತತ್ತಿಗಾಗಿ ಸಾಕಲು ಬಾತುಮರಿ ಕೇಳಿದ್ದರು, ಅದು ಅವನ ಮೊದಲ ಹೊರದೇಶದ ಆರ್ಡರು. ಅಜ್ಜಿಯನ್ನು ಕೇಳಿದೆ. "ಕೊಯ್ಯಾಕ ಅಲ್ಲಂದ್ರ ಮಾಡಿಕೊಡು," ಅಂದಳು. ಮಾಡಿಕೊಟ್ಟೆ. ಹಗುರ ಮರಿಯ ಸಂಖ್ಯೆ ಹಾಕಿದೆ, ಆ ದೇಶದ ಪರವಾನಗಿಯೂ ಅದೇ ಸಂಖ್ಯೆಗೆ ಬಂತು. ಎಲ್ಲ ಆಯಿತು ಅನ್ನುವಷ್ಟರಲ್ಲಿ ಮುಂಬಯಿಯ ವಿಮಾನ ರದ್ದಾಗಿ ಮುಂದಿನ ವಾರದ ಕೊನೆಗೆ ಹೋಯಿತು.

"ಅಲ್ಲೀತನಕ ತೂಕ ದಾಟಬಾರದು ನೋಡಪಾ," ಎಂದು ಮಲಕಾರಿಗೆ ಹೇಳಿದೆ. "ದಾಟಿದ್ರ ವಿಮಾನ ನಿಲ್ದಾಣದಾಗ ತೂಗಿ ತಿರುಗಿ ಕಳಸ್ತಾರ. ಹೊಸಾ ಪರವಾನಗಿ ಬರೂದರಾಗ ಅವು ಮರಿ ಆಗಿ ಉಳದಿರಂಗಿಲ್ಲ." ಹೇಗೆ ದಾಟದಂತೆ ಇಡಬೇಕು ಎಂದು ನಾನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬೇರೆಯೇ ನಡೆದಿತ್ತು. ನನ್ನನ್ನು ಸಾಕಿ ಬೆಳೆಸಿದ ಅಜ್ಜಿ ಚಂದ್ರಮತಿ, ನಾನು ಆಯಿ ಎಂದು ಕರೆಯುತ್ತಿದ್ದವಳು, ಸಲ್ಲೇಖನ ಹಿಡಿದಿದ್ದಳು. ಮುನಿಗಳ ಅಪ್ಪಣೆ ಪಡೆದು ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು, ಆಮೇಲೆ ಮಜ್ಜಿಗೆ. ಉಳಿದದ್ದು ಸೋಸಿ ಕಾಸಿದ ನೀರೊಂದೇ. ಅದನ್ನೂ ಬಿಟ್ಟರೆ ಮುಗಿಯಿತು. ಊರವರು ಬಂದು ಕಾಲಿಗೆ ನಮಸ್ಕಾರ ಮಾಡಿ, ಪುಣ್ಯವಂತೆ ಅಂದು ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಣ್ಯ ಗಿಣ್ಯ ಎಲ್ಲ ಅವರಿಗೆ, ಆಯಿ ಇಲ್ಲದ ಮನೆ ನನಗೆ. ದಿನಾ ತಾಮ್ರದ ಲೋಟದಲ್ಲಿ ನೀರು ಒಯ್ಯುವಾಗ, ಇವತ್ತೂ ಬೇಡ ಅನ್ನದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಯಿಯ ಕೋಣೆಯ ಕಿಟಕಿ ಶೆಡ್ಡಿನ ಕಡೆಗಿತ್ತು. ಒಂದು ಮುಂಜಾನೆ ಲೋಟ ಬಾಯಿಗೆ ಹಿಡಿದರೆ ತಡೆದಳು.

"ಅವು ಯಾಕ ಹಂಗ ಒದರಾಕತ್ತಾವ?"

"ಮರಿ ಅಲ್ಲೇನ ಆಯಿ, ಒದರತಾವ."

"ಹಸದ ಒದರೂದು ನನಗ ತಿಳಿಯಂಗಿಲ್ಲೇನ? ನಿನ್ನ ಸಾಕಿದಾಕಿ ನಾನು."

ಆಯಿ ಉಸಿರು ತೆಗೆದುಕೊಂಡು ನಿಧಾನ ಹೇಳಿದಳು.

"ಇವತ್ತ ನೀರು ಬಿಡಬೇಕಂತ ಮಾಡಿದ್ದೆ. ಮನಸ್ಸು ಆ ಶೆಡ್ಡಿಗೆ ಹೋಗಿ ಕುಂಡರತೈತಿ. ಇಂಥಾ ಮನಸ್ಸು ಇಟಗೊಂಡು ಹೆಂಗ ಬಿಡ್ಲಿ? ಅವು ಉಂಡಾವ ಅಂತ ಗೊತ್ತಾಗೂತನಕ ನನಗ ಬಿಡುಗಡಿ ಇಲ್ಲ."

ಎರಡು ಗುಟುಕು ಕುಡಿದು ಮುಖ ತಿರುಗಿಸಿದಳು.

ಹೊರಗೆ ಬಂದಾಗ ನನಗೆ ಆಗಿದ್ದು ಖುಷಿ. ಮರಿಗಳು ಹಸಿದಿರುವತನಕ ಆಯಿ ನೀರು ಕುಡಿಯುತ್ತಾಳೆ. ಮಲಕಾರಿಯ ಆರ್ಡರೂ ಉಳಿಯುತ್ತದೆ, ನನ್ನ ಕಾಗದವೂ ಉಳಿಯುತ್ತದೆ. ಒದರಲಿ ಬಿಡು ಅಂದುಕೊಂಡೆ. ಮಾರನೆಯ ದಿನವೂ ಆಯಿ ಕೇಳಿದಳು. ನೋಡಿ ಬರತೀನಿ ಅಂದೆ, ಹೋಗಲಿಲ್ಲ. ಆಯಿ ನೀರು ಕುಡಿದಳು.

ಅದರ ಮರುದಿನ ಒದರುವ ಸದ್ದು ಸಣ್ಣಗಾಯಿತು. ಆಗ ಮಾತ್ರ ತಡೆಯಲಾಗದೆ ಬೇಲಿ ದಾಟಿದೆ.

ಮರಿಗಳು ಒಂದರ ಮೇಲೊಂದು ಬಿದ್ದು, ನೆಲಕ್ಕೆ ಹಾಸಿದ ಭತ್ತದ ಹೊಟ್ಟನ್ನೇ ಕುಕ್ಕುತ್ತಿದ್ದವು. ಮೂಲೆಯಲ್ಲಿ ಸತ್ತ ಮರಿಗಳನ್ನು ಗೋಣಿತಾಟಿನ ಮೇಲೆ ಇಡಲಾಗಿತ್ತು. ಮಲಕಾರಿ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ನುಚ್ಚು ಅರ್ಧಾನೂ ಹಾಕಿಲ್ರಿ ಅಕ್ಕಾರ," ಅಂದ. ನನ್ನ ಮುಖ ನೋಡಲಿಲ್ಲ. "ಪೂರಾ ಹಾಕಿದ್ರ ದಾಟತಾವ. ದಾಟಬಾರದು ಅಂದಿದ್ರಲ್ರಿ ನೀವು."

ಕಾಲ ಹತ್ತಿರ ಬಂದ ಒಂದು ಮರಿಯನ್ನು ಎತ್ತಿಕೊಂಡೆ. ಅದು ನನ್ನ ಬೆರಳನ್ನು ಕೊಕ್ಕಿನಲ್ಲಿ ಹಿಡಿದು ಜಗಿಯತೊಡಗಿತು. ಆಯಿಯನ್ನು ಮಗ್ಗಲು ಹೊರಳಿಸುವಾಗ ಕೈಗೆ ಹತ್ತುತ್ತಿದ್ದ ಹಗುರ ನೆನಪಾಯಿತು. ಆದರೆ ಆಯಿ ತಾನಾಗಿ ಬಿಟ್ಟವಳು, ಕೈ ಮುಗಿದು ಒಂದೊಂದನ್ನೇ ಬಿಟ್ಟವಳು. ಇವನ್ನು ಯಾರೂ ಕೇಳಿರಲಿಲ್ಲ.

"ನುಚ್ಚಿನ ಚೀಲ ಬಿಚ್ಚು," ಅಂದೆ.

"ವಿಮಾನ?"

"ವಿಮಾನ ಹಾಳಾಗಿ ಹೋಗ್ಲಿ. ಕಾಗದಾ ನಾನ ರದ್ದು ಮಾಡತೀನಿ. ಮರಿ ಇಲ್ಲೇ ಹೊಳಿದಂಡಿಯವರಿಗೆ ಸಾಕಾಕ ಕೊಡೂಣು. ಬಿಚ್ಚ ಲೇ."

"ಮೊದಲನೇ ಆರ್ಡರ್ ಇತ್ರಿ," ಎಂದಷ್ಟೇ ಹೇಳಿ, ಮಲಕಾರಿ ಚೀಲದ ದಾರವನ್ನು ಹಲ್ಲಿನಿಂದ ಕಡಿದ. ಆಮೇಲೆ ನನಗಿಂತ ಮೊದಲು ಅವನೇ ಬುಟ್ಟಿ ತುಂಬಿದ.

ಇಬ್ಬರೂ ನುಚ್ಚು ಸುರಿದೆವು. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಳು ಬಂತು, ಮಲಕಾರಿಯ ಮುಂದೆಯೇ ಅತ್ತುಬಿಟ್ಟೆ. ಅವನು ಮರಿಗಳಿಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೆ ಶೆಡ್ಡು ಸುಮ್ಮನಾಯಿತು.

ಕೋಣೆಗೆ ಬಂದರೆ ಆಯಿ ಕಣ್ಣು ತೆರೆದುಕೊಂಡೇ ಇದ್ದಳು.

"ಸದ್ದು ನಿಂತೈತಿ. ಎಲ್ಲಾ ಸತ್ತುವೇನ ಪೂನಿ?"

ಇಲ್ಲ, ಇನ್ನೂ ಹಸಿದಾವ, ದಣಿದು ಸುಮ್ಮನಾಗ್ಯಾವ ಅಂದಿದ್ದರೆ ಸಾಕಿತ್ತು. ಇನ್ನಷ್ಟು ದಿನ ಆಯಿ ನನಗೆ ಸಿಗುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ಕೆಲವು ಸತ್ತಾವ ಆಯಿ. ಉಳಿದವು ಉಂಡಾವ. ಹೊಟ್ಟಿ ತುಂಬ ಉಂಡು ಮಲಗ್ಯಾವ."

ಸತ್ತವಕ್ಕೆ ಆಯಿ ಮಲಗಿದಲ್ಲಿಂದಲೇ ಕೈ ಮುಗಿದಳು, ತುಟಿ ಅಲ್ಲಾಡಿಸಿ ಕ್ಷಮೆ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿನಗ ಭಾಳ ತ್ರಾಸ ಆತೇನ?"

"ಹೂಂ," ಅಂದೆ.

ಮುಂಜಾನೆ ತುಂಬಿಟ್ಟ ಲೋಟ ಹಾಸಿಗೆಯ ಪಕ್ಕದಲ್ಲೇ ಇತ್ತು. ಆಯಿ ಅದನ್ನು ಬೆರಳಿನಿಂದ ನನ್ನ ಕಡೆಗೆ ಸರಿಸಿದಳು.

"ಉಂಡಮ್ಯಾಲ ನೀರಡಿಸಿರತಾವ. ಇದನ್ನ ಅವಕ್ಕ ಹಾಕಿ ಬಾ."

ತುಳುಕದ ಹಾಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೇಲಿ ದಾಟಿದೆ.