ಎರಡನೆಯ ತವರದ ತುಂಡು

ಹಸೀನಾಬೇಗಂ ಕುಲುಮೆಯ ತಿದಿ ಒತ್ತುತ್ತಲೇ ಇದ್ದಳು. ಅಂಗಳದಲ್ಲಿ ಪರದೆ ಕಟ್ಟಿ, ಗಂಡಸರು ಅವಳ ಅಬ್ಬಾ ಮಕ್ಬುಲಸಾಬನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

“ಮಯ್ಯತ್ತಿನ ಮನ್ಯಾಗ ಬೆಂಕಿ ಉರಸ್ತಾರೇನ, ಹುಚ್ಚಿ? ಆರಸು,” ಎಂದಳು ಸೋದರತ್ತೆ ಮೆಹಬೂಬಬೀ.

“ಮೂಸಿಯೊಳಗ ತಾಮ್ರ ಕರಗೈತಿ, ಫುಪ್ಪೂ. ಆರಿದ್ರ ಮೂಸಿ ಸೀಳತೈತಿ, ಎತ್ತಿನ ಗಂಟಿನೂ ಹೋಗತೈತಿ.”

ಬೇವೂರಿನ ದುರಗಪ್ಪನ ಎತ್ತಿಗೆಂದು ಗಂಟೆಯ ಕಂಚು ಬೆರೆಸುವಾಗಲೇ ಅಬ್ಬಾ ಮುಂಜಾನೆ ಎದೆ ಹಿಡಿದು ಕುಸಿದಿದ್ದ. ಅವನ ಕೈಯ ಕಡೆಯ ಗಂಟೆ. ಅಚ್ಚು ಕಾದು ಸಿದ್ಧವಾಗಿತ್ತು. ಆದರೆ ತಾಮ್ರಕ್ಕೆ ತವರ ಬಿದ್ದಿದೆಯೋ ಇಲ್ಲವೋ? ನಿನ್ನೆ ಅವಳೇ ತೂಗಿಟ್ಟಿದ್ದ ಎರಡು ತುಂಡುಗಳು ಡಬ್ಬಿಯಲ್ಲಿರಲಿಲ್ಲ.

ಮಣ್ಣು ಕೊಡಲು ಬಂದಿದ್ದ ದುರಗಪ್ಪ ಬಾಗಿಲಲ್ಲೇ ನಿಂತಿದ್ದ. “ಬಿಡವಾ ತಂಗಿ. ನನ್ನ ಎತ್ತು ಇಷ್ಟ ದಿನ ಗಂಟಿ ಇಲ್ದನ ಮೇಯ್ದೈತಿ.”

*

ಅವಳು ಶಾಲೆ ಬಿಟ್ಟ ವರ್ಷ ಅಬ್ಬಾ ಒಂದು ಹನಿ ಲೋಹ ತೆಗೆದು, ನೀರಿಗೆ ಬಿಟ್ಟು, ಸುತ್ತಿಗೆಯಿಂದ ಬಡಿದು ತೋರಿಸಿದ್ದ.

“ತವರ ಕಡಿಮಿ ಆದ್ರ ಬಾಗತೈತಿ. ಹೆಚ್ಚಾದ್ರ ಗಾಜಿನಂಗ ಪುಡಿ ಆಗತೈತಿ. ಬರೋಬ್ಬರಿ ಇದ್ರ ಹಾಡತೈತಿ.”

“ಅವೇ ಎರಡು ಲೋಹ. ಗುಣ ಯಾಕ ಬದಲಾಗತೈತಿ, ಅಬ್ಬಾ?”

“ನನಗೇನ ಗೊತ್ತು ಬೇಟಾ? ಅರ್ಧ ಹಾಕು, ಬಡಿದು ನೋಡು, ಆಮ್ಯಾಲ ಉಳಿದರ್ಧ. ತವರ ಒಣಗಿರಬೇಕು ನೋಡು. ಹನಿ ನೀರಿದ್ರೂ ಸಿಡಿದು ಮೈಮ್ಯಾಲ ಬರತೈತಿ.”

*

ಹಸೀನಾ ಒಂದು ಹನಿ ತೆಗೆದು ನೀರಿಗೆ ಬಿಟ್ಟು ಬಡಿದಳು. ಬಾಗಿತು. ಎರಡೂ ತುಂಡು ಬಿದ್ದಿದ್ದರೆ ಬಾಗಬಾರದಾಗಿತ್ತು. ತೂಗಿದ್ದೇ ತಪ್ಪಾಯಿತೇ? ಮತ್ತೆ ಬಡಿದಳು. ಮತ್ತೆ ಬಾಗಿತು. ಇನ್ನಷ್ಟು ತವರ ಹಾಕಲೇ? ಹೆಚ್ಚಾದರೆ?

ಪರದೆಯಾಚೆಯಿಂದ ಬಾಬಾಸಾಬ ಕಾಕಾ ತೊಯ್ದ ತೋಳುಗಳಲ್ಲಿ ಬಂದ.

“ಅಣ್ಣನ ಮುಷ್ಟಿ ಬಿಡಸೂದ್ರಾಗ ಸಾಕುಸಾಕಾತು. ಇದನ್ನ ಹಿಡಕೊಂಡಿದ್ದ. ಏನವಾ ಇದು?”

ತವರದ ತುಂಡು, ಎರಡರಲ್ಲಿ ಒಂದು. ನೀರು ತೊಟ್ಟಿಕ್ಕುತ್ತಿತ್ತು.

ಅವಳು ಅದನ್ನು ಸೆರಗಿನಲ್ಲಿ ಒರೆಸಿ, ಕುಲುಮೆಯ ಅಂಚಿನಲ್ಲಿ ಕಾಯಿಸಿದಳು. ಅಷ್ಟರಲ್ಲಿ ಅಬ್ಬಾನ ಜನಾಜಾ ಗಂಡಸರ ಹೆಗಲೇರಿತು. ಕಲ್ಮಾದ ದನಿ ಓಣಿಯುದ್ದಕ್ಕೂ ಇಳಿಯುತ್ತ ಹೋಯಿತು. ಇಕ್ಕಳದಲ್ಲಿ ತುಂಡು ಹಿಡಿದು ಅವಳು ಮೂಸೆಯ ಮೇಲೆ ಬಗ್ಗಿದಳು. ತುಂಡಿನ ಮೇಲೆ ಒಂದು ಹನಿ ಬಿತ್ತು. ಥಟ್ಟನೆ ಹಿಂದೆ ಸರಿದಳು.

ದುರಗಪ್ಪ ಹೆಗಲ ಟವೆಲ್ಲು ಕೆಳಗಿಟ್ಟು, ತಿದಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅತ್ತು ಮುಗಸವಾ. ನಾ ಬೆಂಕಿ ಆರಾಕ ಬಿಡಂಗಿಲ್ಲ.”

ಹಸೀನಾ ತವರವನ್ನು ಒರೆಸಿದಳು. ಕಾಯಿಸಿದಳು. ಮತ್ತೊಂದು ಹನಿ ಬಿತ್ತು. ಮತ್ತೆ ಒರೆಸತೊಡಗಿದಳು.